ಮೊದಲು ಕಾಲು, ಆಮೇಲೆ ಕೈ: ಸಿಮ್ಯುಲೇಟರ್‌ನಲ್ಲಿ ಬುಷ್ ಪ್ಲೇನ್ ಕಲಿಯುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದವು. ಡಾಂಬರು ರನ್‌ವೇ ಬಿಟ್ಟು ಹುಲ್ಲುಬಯಲು, ನದಿಯ ಮರಳುದಂಡೆ, ಬೆಟ್ಟದ ಓರೆಗಳಲ್ಲಿ ಇಳಿಯುವ ಹಗುರ ವಿಮಾನಗಳನ್ನು, ಅಂದರೆ ಬುಷ್ ಪ್ಲೇನ್‌ಗಳನ್ನು, ಸಿಮ್ಯುಲೇಟರ್‌ನಲ್ಲಿ ಕಲಿಯುವುದು ಹೇಗೆ ಎಂದು ಕೇಳಿದ್ದೀರಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ, ಉಳಿದವನ್ನು ಇದ್ದ ಹಾಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸೆಸ್ನಾ 172 ಹಾರಿಸಿ ಅಭ್ಯಾಸವಿದೆ. ಬುಷ್ ಪ್ಲೇನ್‌ಗೆ ಹೋಗಬೇಕೆಂದರೆ ಯಾವುದರಿಂದ ಶುರು ಮಾಡಲಿ? ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ಕೊಳ್ಳಲೇಬೇಕೇ?

ಉತ್ತರ: ಬಾಲದಲ್ಲಿ ಚಕ್ರವಿರುವ, ಎರಡು ಸೀಟಿನ, ಶಕ್ತಿ ಕಡಿಮೆಯಿರುವ ವಿಮಾನದಿಂದ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇದ್ದರೆ ಅದರ ಮೂಲ ಆವೃತ್ತಿಯಲ್ಲೇ ಸ್ಯಾವೇಜ್ ಕಬ್ ಮತ್ತು ಎಕ್ಸ್‌ಕಬ್ ಎರಡೂ ಇವೆ. ಎಕ್ಸ್-ಪ್ಲೇನ್ 12ರಲ್ಲಿ ಪೈಪರ್ ಸೂಪರ್ ಕಬ್ ಇದೆ. ಹಣ ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ ಫ್ಲೈಟ್‌ಗಿಯರ್ ಉಚಿತ, ಅದಕ್ಕೆ ಪೈಪರ್ ಜೆ-3 ಕಬ್ ಸಿಗುತ್ತದೆ. ಎಲ್ಲರ ಕಣ್ಣೂ ಎಕ್ಸ್‌ಕಬ್ ಮೇಲೆ ಬೀಳುವುದು ಸಹಜ. ಆದರೆ ಅದರ 180 ಅಶ್ವಶಕ್ತಿ ನಿಮ್ಮ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತದೆ. ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚಿಸುವ ಹಿಡಿ) ಒತ್ತಿದರೆ ಸಾಕು, ಎಂಥ ಕೆಟ್ಟ ಅಪ್ರೋಚ್‌ನಿಂದಲೂ (ಇಳಿಯಲು ನೆಲದತ್ತ ಬರುವ ಹಾದಿ) ಮೇಲೆದ್ದು ಬಂದುಬಿಡಬಹುದು. 65 ಅಶ್ವಶಕ್ತಿಯ ಜೆ-3ಯಲ್ಲಿ ಆ ಸೌಕರ್ಯವಿಲ್ಲ, ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದಂಚಿನಿಂದ ಇಳಿಬಿಡುವ ಫ್ಲ್ಯಾಪ್ ಕೂಡ ಇಲ್ಲ. ಎತ್ತರ ಹೆಚ್ಚಾದರೆ ರಡ್ಡರ್ ಒಂದು ಕಡೆ, ರೆಕ್ಕೆ ಇನ್ನೊಂದು ಕಡೆ ಕೊಟ್ಟು ಓರೆಯಾಗಿ ಜಾರಿಸಿಯೇ ಇಳಿಸಬೇಕು. ಕಲಿಯುವವರಿಗೆ ಒಳ್ಳೆಯದು ಅದೇ.

ಪೆಡಲ್ ವಿಷಯ: ಕೀಲಿಮಣೆಯಲ್ಲಿ ಈ ವಿಮಾನಗಳನ್ನು ಕಲಿಯಲಾಗದು, ಆ ಪ್ರಯತ್ನವೇ ಬೇಡ. ತಿರುಚುವ ಜಾಯ್‌ಸ್ಟಿಕ್ ಇದ್ದರೆ ನಡೆಯುತ್ತದೆ. ಒಂದೇ ಒಂದು ಉಪಕರಣಕ್ಕೆ ಹಣವಿದೆ ಎಂದಾದರೆ ದುಬಾರಿ ಸ್ಟಿಕ್‌ಗಿಂತ ಸಾಧಾರಣ ಪೆಡಲ್ ಕೊಳ್ಳಿ. ಸೆಟ್ಟಿಂಗ್‌ನಲ್ಲಿ ರಡ್ಡರ್‌ನ ಡೆಡ್ ಝೋನ್ (ಪೆಡಲ್ ಕದಲಿದರೂ ರಡ್ಡರ್ ಕದಲದ ಭಾಗ) ಶೇಕಡ 2–3ಕ್ಕಿಂತ ಹೆಚ್ಚು ಇಡಬೇಡಿ. ಸ್ವಯಂಚಾಲಿತ ರಡ್ಡರ್, ಸ್ವಯಂಚಾಲಿತ ಮಿಕ್ಸ್ಚರ್ (ಎಂಜಿನ್ನಿಗೆ ಹೋಗುವ ಇಂಧನ-ಗಾಳಿಯ ಹದ), ಟೇಕಾಫ್ ನೆರವು ಎಂಬ ಸಹಾಯಗಳನ್ನೆಲ್ಲ ಮೊದಲ ದಿನವೇ ಆಫ್ ಮಾಡಿಬಿಡಿ. ಅವು ಚಾಲೂ ಇದ್ದರೆ ನೀವು ಕಲಿಯುವುದು ಬೇರೆ ಯಾವುದೋ ವಿಮಾನವನ್ನು.

ಪ್ರಶ್ನೆ: ಟೇಕಾಫ್‌ಗೆ ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಎಡಕ್ಕೆ ಎಳೆಯುತ್ತದೆ. ಬಲ ಪೆಡಲ್ ಒತ್ತಿದರೆ ಬಲಕ್ಕೆ ನುಗ್ಗುತ್ತದೆ, ಆಮೇಲೆ ಮತ್ತೆ ಎಡಕ್ಕೆ, ಕೊನೆಗೆ ಗಿರಕಿ ಹೊಡೆದು ರೆಕ್ಕೆ ನೆಲಕ್ಕೆ ತಾಗುತ್ತದೆ. ಹತ್ತರಲ್ಲಿ ಎಂಟು ಸಲ ಹೀಗೇ. ನನ್ನ ಜಾಯ್‌ಸ್ಟಿಕ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ, ಆದರೂ ಮೊದಲು ಒಂದು ಸಂಗತಿ ನೋಡಿಕೊಳ್ಳಿ. ಪೆಡಲ್‌ನ ತುದಿ ಒತ್ತಿದರೆ ಬ್ರೇಕ್ ಹಿಡಿಯುವಂಥ ಪೆಡಲ್ ನಿಮ್ಮದಾದರೆ, ಬ್ರೇಕಿನ ಅಕ್ಷ ಸೆಟ್ಟಿಂಗ್‌ನಲ್ಲಿ ತಿರುಗುಮುರುಗಾಗಿರುವುದು ತೀರಾ ಸಾಮಾನ್ಯ. ಹಾಗಾದರೆ ಕಾಲು ತೆಗೆದಾಗ ಬ್ರೇಕ್ ಪೂರ್ತಿ ಹಿಡಿದಿರುತ್ತದೆ, ಅಥವಾ ಒಂದು ಚಕ್ರ ಮಾತ್ರ ಹಿಡಿದಿರುತ್ತದೆ. ಅದು ಸರಿ ಇದ್ದರೆ ಹಿಮ್ಮಡಿ ನೆಲದ ಮೇಲಿದೆಯೇ ನೋಡಿ. ಪಾದವಿಡೀ ಪೆಡಲ್ ಮೇಲೇರಿಸಿ ಕೂತವರು ರಡ್ಡರ್ ಒತ್ತುವಾಗ ತಮಗೆ ಗೊತ್ತಿಲ್ಲದೆಯೇ ಬ್ರೇಕನ್ನೂ ಒತ್ತುತ್ತಾರೆ.

ಇನ್ನು ನಿಜವಾದ ಕಾರಣ. ಮೂತಿಯ ಕೆಳಗೆ ಚಕ್ರವಿರುವ ಸೆಸ್ನಾ 172ರಲ್ಲಿ ಭಾರದ ಕೇಂದ್ರ ದೊಡ್ಡ ಚಕ್ರಗಳಿಗಿಂತ ಮುಂದಿರುತ್ತದೆ, ವಿಮಾನ ತಾನಾಗಿ ನೇರಕ್ಕೆ ಬರುತ್ತದೆ. ಬಾಲಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ಆ ಚಕ್ರಗಳ ಹಿಂದೆ. ಸ್ವಲ್ಪ ಓರೆಯಾದರೂ ಹಿಂದಿನ ಭಾರ ಮುಂದೆ ಬರಲು ನೋಡುತ್ತದೆ, ಓರೆ ಇನ್ನಷ್ಟು ಓರೆಯಾಗುತ್ತದೆ. ಗ್ರೌಂಡ್ ಲೂಪ್ ಎಂದರೆ ಇದೇ. ಓರೆ ಹೆಚ್ಚಿದಷ್ಟೂ ತಿರುಗುವ ಬಲವೂ ಹೆಚ್ಚುವುದರಿಂದ ಒಂದು ಹಂತ ದಾಟಿದರೆ ರಡ್ಡರ್‌ನಿಂದ ಏನೂ ಆಗುವುದಿಲ್ಲ.

ಎಡಕ್ಕೇ ಏಕೆ? ಪೈಲಟ್ ಸೀಟಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅದರ ಗಾಳಿ ಸುರುಳಿಯಾಗಿ ಹಿಂದೆ ಬಂದು ಬಾಲದ ಎಡಬದಿಗೆ ಬಡಿಯುತ್ತದೆ. ಎಂಜಿನ್ನಿನ ತಿರುಚುಬಲ ಎಡಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಬಾಲ ನೆಲದಲ್ಲಿದ್ದು ಮೂತಿ ಮೇಲಿರುವಾಗ ಕೆಳಕ್ಕಿಳಿಯುವ ಬಲಗಡೆಯ ಅಲಗು ಗಾಳಿಯನ್ನು ಹೆಚ್ಚು ಕಚ್ಚುತ್ತದೆ. ಬಾಲ ಎತ್ತುವ ಆ ಒಂದು ಕ್ಷಣದಲ್ಲಿ ತಿರುಗುತ್ತಿರುವ ಪ್ರೊಪೆಲ್ಲರ್ ಬುಗುರಿಯ ಹಾಗೆ ವರ್ತಿಸಿ ಮೂತಿಯನ್ನು ಮತ್ತೆ ಎಡಕ್ಕೆ ದೂಡುತ್ತದೆ. ನಾಲ್ಕೂ ಒಂದೇ ಕಡೆಗೆ.

ನಿಮ್ಮ ತಪ್ಪು ಬಲ ಪೆಡಲ್ ಒತ್ತಿದ್ದಲ್ಲ, ಒತ್ತಿ ಹಿಡಿದುಕೊಂಡದ್ದು. ಮೂತಿ ನೇರವಾದ ಮೇಲೆ ಕಾಲು ತೆಗೆದರೆ ತಡವಾಯಿತು. ಮೂತಿ ಮರಳಲು ಶುರು ಮಾಡಿದಾಗಲೇ ಬಿಡಬೇಕು. ಕೋಳಿ ಕಾಳು ಕುಕ್ಕುವ ಹಾಗೆ ಚಿಕ್ಕಚಿಕ್ಕ ಒತ್ತು, ಕೂಡಲೇ ಬಿಡು, ಮತ್ತೆ ಒತ್ತು. ಒಟ್ಟು ಲೆಕ್ಕದಲ್ಲಿ ಬಲಕ್ಕೆ ತುಸು ಹೆಚ್ಚು ಬಿದ್ದರೆ ಸಾಕು.

ಅಭ್ಯಾಸವನ್ನು ಹೀಗೆ ಮಾಡಿ. ಗಾಳಿ ಸೊನ್ನೆ ಇಡಿ, ಅಗಲವಾದ ಉದ್ದ ರನ್‌ವೇ ಆರಿಸಿ. ಮೊದಲು ಎಂಜಿನ್ನನ್ನು ನಿಮಿಷಕ್ಕೆ 1000–1200 ಸುತ್ತಿನಲ್ಲಿ (ಆರ್‌ಪಿಎಂ) ಇಟ್ಟು ಹಾವಿನಂತೆ ಎಡಬಲ ತಿರುಗುತ್ತ ನೆಲದಲ್ಲೇ ಓಡಾಡಿ. ಮೂತಿ ಅಡ್ಡವಿರುವುದರಿಂದ ಮುಂದಿನದು ಕಾಣುವುದು ಹೀಗೆ ತಿರುಗಿದಾಗ ಮಾತ್ರ. ಆಮೇಲೆ ಅರ್ಧ ಥ್ರಾಟಲ್‌ನಲ್ಲಿ ಓಡಿಸಿ, ಮೇಲೇರದೆ ನಿಲ್ಲಿಸಿ. ಇದನ್ನು ಹತ್ತು ಸಲ ಮಾಡಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರೇ ನಮಗೆ ಮತ್ತೆ ಪತ್ರ ಬರೆಯುವುದು. ಪೂರ್ತಿ ಟೇಕಾಫ್‌ಗೆ ಬಂದಾಗ ಮೊದಲು ಬಾಲಚಕ್ರ ನೇರವಾಗುವಂತೆ ನಾಲ್ಕು ಮೀಟರ್ ಮುಂದೆ ಉರುಳಿಸಿ. ಸ್ಟಿಕ್ ಹಿಂದಕ್ಕೆ ಹಿಡಿದು ಥ್ರಾಟಲನ್ನು ಮೂರು ನಾಲ್ಕು ಸೆಕೆಂಡಿನಲ್ಲಿ ಮೆಲ್ಲಗೆ ಪೂರ್ತಿ ಕೊಡಿ. ಕಣ್ಣು ರನ್‌ವೇಯ ಆ ತುದಿಯಲ್ಲಿರಲಿ. ವೇಗ 25–30 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬಂದಾಗ ಸ್ಟಿಕ್ ಸಡಿಲಿಸಿ ಬಾಲ ತಾನಾಗಿ ಏಳಲು ಬಿಡಿ, ಆ ಹೊತ್ತಿಗೆ ಬಲಗಾಲು ಸಿದ್ಧವಾಗಿರಲಿ. ಸ್ಟಿಕ್ಕನ್ನು ಮುಂದಕ್ಕೆ ದೂಡಿ ಬಾಲವನ್ನು ಸರಕ್ಕನೆ ಎತ್ತಿದಷ್ಟೂ ಎಡ ಎಳೆತ ಜೋರು. ಕೈಮೀರಿತು ಅನ್ನಿಸಿದರೆ ಥ್ರಾಟಲ್ ಮುಚ್ಚಿ ಸ್ಟಿಕ್ ಹೊಟ್ಟೆಗೆ ಎಳೆದುಕೊಳ್ಳಿ. ಗಾಬರಿಯಲ್ಲಿ ಎರಡೂ ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ನಾಟುತ್ತದೆ.

ಪ್ರಶ್ನೆ: ಇಳಿಯುವಾಗ ಕಪ್ಪೆಯ ಹಾಗೆ ಕುಪ್ಪಳಿಸುತ್ತೇನೆ. ವೇಗ ಎಷ್ಟಿರಬೇಕು?

ಉತ್ತರ: ವೇಗವನ್ನು ನಮ್ಮಿಂದ ಕೇಳಬೇಡಿ, ನಿಮ್ಮ ವಿಮಾನದಿಂದಲೇ ಕೇಳಿ. ನೆಲದಿಂದ 3000 ಅಡಿ ಮೇಲೆ ಹೋಗಿ ಥ್ರಾಟಲ್ ಪೂರ್ತಿ ಮುಚ್ಚಿ, ಫ್ಲ್ಯಾಪ್ ಪೂರ್ತಿ ಇಳಿಸಿ, ಎತ್ತರ ಬಿಡದಂತೆ ಸ್ಟಿಕ್ಕನ್ನು ನಿಧಾನವಾಗಿ ಹಿಂದಕ್ಕೆ ತನ್ನಿ. ಮೂತಿ ತಾನಾಗಿ ಬೀಳುವಾಗ ವೇಗದ ಮೀಟರ್ ತೋರಿಸಿದ ಸಂಖ್ಯೆ ನಿಮ್ಮ ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಹೊರಲಾರದೆ ಸೋಲುವ ವೇಗ. ಅದನ್ನು 1.3ರಿಂದ ಗುಣಿಸಿದರೆ ಅಪ್ರೋಚ್ ವೇಗ. 35 ನಾಟ್ ಬಂದರೆ 45ರ ಆಸುಪಾಸು. ಪೂರ್ತಿ ಇಂಧನ ಮತ್ತು ಸಾಮಾನು ತುಂಬಿಕೊಂಡಾಗ ಈ ಸಂಖ್ಯೆ ಮೇಲೇರುತ್ತದೆ, ಆಗ ಮತ್ತೆ ಅಳೆಯಿರಿ.

ಐದು ನಾಟ್ ಹೆಚ್ಚಿದ್ದರೆ ಏನಾಯಿತು ಎಂದು ಹಲವರು ಕೇಳುತ್ತಾರೆ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 45ರ ಬದಲು 50ರಲ್ಲಿ ಬಂದರೆ ನೀವು ಕಳೆಯಬೇಕಾದ ಶಕ್ತಿ ಶೇಕಡ 23 ಹೆಚ್ಚು. ಆ ಹೆಚ್ಚಿನದೇ ಕುಪ್ಪಳ. ರೆಕ್ಕೆ ಇನ್ನೂ ಹಾರಲು ಸಿದ್ಧವಿರುವಾಗ ದೊಡ್ಡ ಚಕ್ರ ಮೊದಲು ನೆಲಕ್ಕೆ ಬಡಿದರೆ, ಅವುಗಳ ಹಿಂದಿರುವ ಭಾರ ಬಾಲವನ್ನು ಕೆಳಕ್ಕೆ ಒಯ್ಯುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವಿಮಾನ ಮತ್ತೆ ಗಾಳಿಗೆ ಏಳುತ್ತದೆ. ನೀವು ಹೆದರಿ ಸ್ಟಿಕ್ ಮುಂದೆ ದೂಡುತ್ತೀರಿ, ಎರಡನೆಯ ಬಡಿತ ಇನ್ನೂ ಜೋರಾಗುತ್ತದೆ.

ಮೂರೂ ಚಕ್ರ ಒಟ್ಟಿಗೆ ತಾಗಬೇಕೆಂದರೆ ನೆಲದಿಂದ ಒಂದೆರಡು ಅಡಿ ಮೇಲೆ ವಿಮಾನವನ್ನು ಇಳಿಯಗೊಡದೆ ಹಿಡಿದುಕೊಳ್ಳಬೇಕು. ಸ್ಟಿಕ್ ಹಿಂದೆ ಬರುತ್ತಲೇ ಇರಬೇಕು, ಅದು ಪೂರ್ತಿ ಹಿಂದೆ ತಲುಪುವ ಹೊತ್ತಿಗೆ ಚಕ್ರ ನೆಲ ಮುಟ್ಟಬೇಕು. ಪರದೆಯಲ್ಲಿ ಎತ್ತರ ಅಂದಾಜು ಸಿಗದಿರುವುದು ನಿಜವಾದ ತೊಡಕು, ಏಕೆಂದರೆ ಕಣ್ಣಂಚಿನ ನೋಟವೇ ಅಲ್ಲಿ ಇಲ್ಲ. ನೋಟದ ಝೂಮ್ ಕಡಿಮೆ ಮಾಡಿ, ಸೀಟನ್ನು ಸ್ವಲ್ಪ ಮೇಲೆತ್ತಿ, ದೃಷ್ಟಿ ದೂರದ ತುದಿಯಲ್ಲಿಡಿ. ರನ್‌ವೇಯ ಎರಡು ಅಂಚುಗಳು ಸರ್ರನೆ ಅಗಲವಾಗತೊಡಗಿದ ಗಳಿಗೆಯೇ ಸ್ಟಿಕ್ ಎಳೆಯಲು ಶುರು ಮಾಡುವ ಗಳಿಗೆ. ಸಣ್ಣ ಕುಪ್ಪಳಕ್ಕೆ ಸ್ಟಿಕ್ಕನ್ನು ಇದ್ದಲ್ಲೇ ಹಿಡಿದು ಕಾಯಿರಿ. ದೊಡ್ಡದಾದರೆ ಪೂರ್ತಿ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೋಗಿ ಬನ್ನಿ.

ಪ್ರಶ್ನೆ: ನೆಲ ಮುಟ್ಟಿದ ಕೂಡಲೇ ಫ್ಲ್ಯಾಪ್ ಮೇಲೆತ್ತುವವರನ್ನು ವಿಡಿಯೊಗಳಲ್ಲಿ ನೋಡಿದ್ದೇನೆ. ಏಕೆ?

ಉತ್ತರ: ರೆಕ್ಕೆಯ ಎತ್ತುಬಲ ಹೋಗಿ ಭಾರವೆಲ್ಲ ಚಕ್ರದ ಮೇಲೆ ಬರಲಿ, ಬ್ರೇಕ್ ಹಿಡಿಯಲಿ ಎಂದು. ವಿಮಾನ ನೇರ ಓಡುತ್ತಿದೆ ಎಂದು ಖಾತ್ರಿಯಾಗುವ ತನಕ ಆ ಗೊಡವೆ ಬೇಡ.

ಪ್ರಶ್ನೆ: ಅಡ್ಡಗಾಳಿಯಲ್ಲಿ ಸ್ಟಿಕ್ ಎತ್ತ ಹಿಡಿಯಬೇಕೆಂಬುದೇ ಗೊಂದಲ.

ಉತ್ತರ: ಇಳಿಯುವಾಗ ಗಾಳಿ ಬರುವ ಕಡೆಯ ರೆಕ್ಕೆ ತಗ್ಗಬೇಕು, ವಿರುದ್ಧ ಪೆಡಲ್ ಮೂತಿಯನ್ನು ರನ್‌ವೇಗೆ ನೇರವಾಗಿಡಬೇಕು. ಗಾಳಿ ಬರುವ ಕಡೆಯ ಚಕ್ರ ಮೊದಲು ತಾಗಿದರೆ ಸರಿಯಾಗಿಯೇ ಇಳಿದಿದ್ದೀರಿ. ನೆಲ ಮುಟ್ಟಿದ ಮೇಲೆ ಸ್ಟಿಕ್ ನಡುವಿಗೆ ತರುವುದೇ ಎಲ್ಲರ ತಪ್ಪು. ವೇಗ ಇಳಿದಷ್ಟೂ ಏಲೆರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯ ಪಟ್ಟಿ) ಸೋಲುತ್ತದೆ, ಆದ್ದರಿಂದ ಸ್ಟಿಕ್ಕನ್ನು ಗಾಳಿಯ ಕಡೆಗೆ ಇನ್ನೂ ಹೆಚ್ಚಿಸುತ್ತ ಹೋಗಬೇಕು, ವಿಮಾನ ಪೂರ್ತಿ ನಿಲ್ಲುವ ತನಕ. 5 ನಾಟ್ ಅಡ್ಡಗಾಳಿಯಿಂದ ಶುರು ಮಾಡಿ, ಸಲೀಸಾದ ಮೇಲೆ ಎರಡೆರಡೇ ಏರಿಸಿ.

ಪ್ರಶ್ನೆ: ಸಮುದ್ರಮಟ್ಟದಲ್ಲಿ 150 ಮೀಟರ್‌ನಲ್ಲಿ ಏಳುವ ಅದೇ ವಿಮಾನ ಬೆಟ್ಟದ ರನ್‌ವೇಯಲ್ಲಿ ತುದಿ ಬಂದರೂ ಏಳುವುದಿಲ್ಲ. ಸಿಮ್ಯುಲೇಟರ್ ದೋಷವೇ?

ಉತ್ತರ: ದೋಷವಲ್ಲ. ಸಿಮ್ಯುಲೇಟರ್ ಬಲು ಚೆನ್ನಾಗಿ ಮಾಡುವ ಕೆಲಸಗಳಲ್ಲಿ ಇದೊಂದು. ಎತ್ತರ ಹೆಚ್ಚಿದಷ್ಟೂ, ಬಿಸಿ ಹೆಚ್ಚಿದಷ್ಟೂ ಗಾಳಿ ತೆಳುವಾಗುತ್ತದೆ. ಲೆಕ್ಕ ಸುಲಭ. ಮಾನಕ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಕಡಿಮೆ. 5000 ಅಡಿಯ ರನ್‌ವೇಯಲ್ಲಿ ಇರಬೇಕಾದದ್ದು 5 ಡಿಗ್ರಿ. ನೀವು 30 ಡಿಗ್ರಿಯ ಮಧ್ಯಾಹ್ನ ಹೊರಟಿದ್ದರೆ 25 ಡಿಗ್ರಿ ಹೆಚ್ಚಾಯಿತು. ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿ ಕೂಡಿಸಿ, 3000 ಅಡಿ ಬಂತು. ವಿಮಾನದ ಮಟ್ಟಿಗೆ ನೀವಿರುವುದು 8000 ಅಡಿಯಲ್ಲಿ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಸುಮಾರು ಮುಕ್ಕಾಲು ಶಕ್ತಿಯನ್ನಷ್ಟೇ ಕೊಡುತ್ತದೆ. 150 ಅಶ್ವಶಕ್ತಿಯ ಸೂಪರ್ ಕಬ್ ಹತ್ತಿರ ಹತ್ತಿರ 112ರದ್ದಾಯಿತು. ಜೊತೆಗೆ ಮೀಟರ್ ಅದೇ 40 ನಾಟ್ ತೋರಿಸುವಾಗ ನಿಜವಾದ ವೇಗ ಶೇಕಡ 13 ಹೆಚ್ಚಿರುತ್ತದೆ. ಬರೀ ಆ ಕಾರಣಕ್ಕೆ ಓಟ ಕಾಲುಭಾಗಕ್ಕಿಂತ ಹೆಚ್ಚು ಉದ್ದವಾಗುತ್ತದೆ, ಶಕ್ತಿ ಕುಗ್ಗಿದ್ದು ಅದರ ಮೇಲೆ.

ಇಳಿಯುವಾಗ ಇನ್ನೊಂದು ಮೋಸ. ನೆಲ ಎಂದಿಗಿಂತ ವೇಗವಾಗಿ ಓಡುವಂತೆ ಕಾಣುತ್ತದೆ, ಕೈ ತಾನಾಗಿ ಸ್ಟಿಕ್ ಎಳೆಯುತ್ತದೆ, ವಿಮಾನ ಸ್ಟಾಲ್ ಆಗುತ್ತದೆ. ಬೆಟ್ಟದಲ್ಲೂ ಮೀಟರ್‌ನ ಸಂಖ್ಯೆ ಬದಲಾಗುವುದಿಲ್ಲ, ಅದನ್ನೇ ನಂಬಿ.

ಮಿಕ್ಸ್ಚರ್ ಮರೆತಿದ್ದೀರೇನೋ ಎಂಬ ಅನುಮಾನವೂ ನಮಗಿದೆ. ಎತ್ತರದ ರನ್‌ವೇಯಲ್ಲಿ ಕೆಂಪು ಗುಬುಟು ಪೂರ್ತಿ ಒಳಗಿದ್ದರೆ ಎಂಜಿನ್‌ಗೆ ಇಂಧನ ಹೆಚ್ಚಾಗಿ ಉಸಿರು ಕಟ್ಟುತ್ತದೆ. ಬ್ರೇಕ್ ಹಿಡಿದು, ಸ್ಟಿಕ್ ಹಿಂದೆಳೆದು, ಪೂರ್ತಿ ಥ್ರಾಟಲ್ ಕೊಡಿ. ಗುಬುಟನ್ನು ನಿಧಾನವಾಗಿ ಹೊರಗೆಳೆಯುತ್ತ ಆರ್‌ಪಿಎಂ ಏರಿ ಇನ್ನೇನು ಇಳಿಯಬೇಕು ಎನ್ನುವಲ್ಲಿ ನಿಲ್ಲಿಸಿ, ಸ್ವಲ್ಪ ಒಳಗೆ ತಳ್ಳಿ.

ಪ್ರಶ್ನೆ: ಕಣಿವೆಯಲ್ಲಿ ಹಾರುವಾಗ ಮುಂದೆ ದಾರಿ ಮುಚ್ಚಿಕೊಂಡು ಪ್ರತಿ ಸಲವೂ ಗುಡ್ಡಕ್ಕೆ ಹೊಡೆಯುತ್ತೇನೆ. ತಿರುಗಲು ಜಾಗವೇ ಸಾಲದು.

ಉತ್ತರ: ಜಾಗ ಸಾಲದಿರುವುದು ವೇಗ ಹೆಚ್ಚಾಗಿರುವುದಕ್ಕೆ. 90 ನಾಟ್‌ನಲ್ಲಿ 30 ಡಿಗ್ರಿ ವಾಲಿಸಿ ತಿರುಗಿದರೆ ವೃತ್ತದ ಅಡ್ಡಳತೆ ಸುಮಾರು 760 ಮೀಟರ್. ಅದೇ ವಾಲಿಕೆಯಲ್ಲಿ 60 ನಾಟ್ ಆದರೆ 340 ಮೀಟರ್. 60 ನಾಟ್, 45 ಡಿಗ್ರಿ ಆದರೆ 200 ಮೀಟರ್ ಸಾಕು. ಆದರೆ 45 ಡಿಗ್ರಿಯಲ್ಲಿ ಎತ್ತರ ಕಳೆಯದೆ ತಿರುಗಿದರೆ ಸ್ಟಾಲ್ ವೇಗ ಶೇಕಡ 19 ಏರುತ್ತದೆ, 60 ಡಿಗ್ರಿಯಲ್ಲಿ ಶೇಕಡ 41. ಹೀಗಾಗಿ ಗುಡ್ಡ ಹತ್ತಿರ ಬಂದಾಗ ಬೆದರಿ ಇನ್ನೂ ವಾಲಿಸಿ ಇನ್ನೂ ಎಳೆದರೆ ವಿಮಾನ ಗುಡ್ಡಕ್ಕೆ ಹೊಡೆಯುವ ಮೊದಲೇ ಬೀಳುತ್ತದೆ.

ಕಣಿವೆಯ ನಡುವಲ್ಲಿ ಹಾರುವುದನ್ನು ಬಿಡಿ. ನಡುವಲ್ಲಿದ್ದರೆ ತಿರುಗಲು ಸಿಗುವುದು ಅರ್ಧ ಅಗಲ, ಒಂದು ಪಕ್ಕಕ್ಕೆ ಒತ್ತಿಕೊಂಡು ಹಾರಿದರೆ ಪೂರ್ತಿ ಅಗಲ. ಗಾಳಿ ಗುಡ್ಡಕ್ಕೆ ಬಡಿದು ಮೇಲೇರುವ ಪಕ್ಕವನ್ನು ಆರಿಸಿಕೊಂಡರೆ ಅದೇ ನಿಮ್ಮನ್ನು ಎತ್ತಿಹಿಡಿಯುತ್ತದೆ. ಗೊತ್ತಿಲ್ಲದ ಕಣಿವೆಯನ್ನು ಕೆಳಗಿನಿಂದ ಹತ್ತುತ್ತ ಹೋಗಬೇಡಿ, ಮೇಲಿನಿಂದ ಹೊಕ್ಕು ನೀರು ಹರಿಯುವ ಕಡೆಗೇ ಇಳಿಯಿರಿ. ದಿಬ್ಬ ದಾಟುವಾಗ ನೇರ ಎದುರಾಗದೆ 45 ಡಿಗ್ರಿ ಓರೆಯಲ್ಲಿ ಸಮೀಪಿಸಿದರೆ ಎತ್ತರ ಸಾಲದಿದ್ದಾಗ ತಿರುಗಿಕೊಳ್ಳುವುದು ಅರ್ಧ ಸುಲಭ. ಒಂದು ಎಚ್ಚರ: ಮೇಲಿನ ಲೆಕ್ಕವೆಲ್ಲ ನಿಜವಾದ ವೇಗದ್ದು. 8000 ಅಡಿಯಲ್ಲಿ ಮೀಟರ್ 60 ತೋರಿಸಿದರೆ ವೃತ್ತ ಕಾಲುಭಾಗಕ್ಕಿಂತ ಹೆಚ್ಚು ದೊಡ್ಡದು.

ಪ್ರಶ್ನೆ: ನಕ್ಷೆಯಲ್ಲಿಲ್ಲದ ಮರಳುದಂಡೆಯಲ್ಲಿ ಇಳಿಯಬೇಕು. ಉದ್ದ ಸಾಕೇ ಎಂದು ಮೇಲಿನಿಂದ ತಿಳಿಯುವುದು ಹೇಗೆ?

ಉತ್ತರ: ಗಡಿಯಾರದಿಂದ. ನೆಲದ ಮೇಲಿನ ವೇಗ 60 ನಾಟ್ ಇದ್ದರೆ ವಿಮಾನ ಸೆಕೆಂಡಿಗೆ ಸುಮಾರು 100 ಅಡಿ ಸಾಗುತ್ತದೆ. ದಂಡೆಯ ಈ ತುದಿಯಿಂದ ಆ ತುದಿಗೆ 8 ಸೆಕೆಂಡ್ ಹಿಡಿದರೆ 800 ಅಡಿ. ಇಲ್ಲಿ ಗಾಳಿಯ ವೇಗಮಾಪಕವನ್ನು ನೋಡಬೇಡಿ, ಜಿಪಿಎಸ್ ತೋರಿಸುವ ನೆಲವೇಗವನ್ನು ನೋಡಿ.

ಮೊದಲ ಸುತ್ತು 500 ಅಡಿ ಮೇಲೆ. ಗಾಳಿ ಯಾವ ಕಡೆಯಿಂದ, ಅಪ್ರೋಚ್ ದಾರಿಯಲ್ಲಿ ಮರ ಇವೆಯೇ, ಇಳಿಯಲಾಗದಿದ್ದರೆ ಯಾವ ಕಡೆ ಹೊರಗೆ ಹೋಗಬೇಕು ಎಂಬುದನ್ನು ನೋಡಿಕೊಳ್ಳಿ. ಎರಡನೆಯ ಸುತ್ತು 50 ಅಡಿಯಲ್ಲಿ, ದಂಡೆಯ ಪಕ್ಕದಿಂದ, ಗಡಿಯಾರ ಹಿಡಿದು. ಇಳಿಜಾರು ಕಾಣುವುದು ಪಕ್ಕದಿಂದ ನೋಡಿದಾಗಲೇ. ಮೂರನೆಯ ಸುತ್ತಿಗೆ ಇಳಿಯಿರಿ, ಇಲ್ಲವೇ ಬಿಟ್ಟುಬಿಡಿ. ಇಳಿಯುವುದಾದರೆ ಚಕ್ರ ತಾಗಬೇಕಾದ ಕಲ್ಲನ್ನೋ ಪೊದೆಯನ್ನೋ ಮೊದಲೇ ಗುರುತಿಸಿ. ಆ ಗುರುತು ಗಾಜಿನಲ್ಲಿ ಮೇಲೆ ಸರಿಯುತ್ತಿದ್ದರೆ ನೀವು ಮುಂಚೆಯೇ ನೆಲಕ್ಕೆ ಬೀಳುತ್ತೀರಿ, ಕೆಳಗೆ ಸರಿಯುತ್ತಿದ್ದರೆ ದಾಟಿಹೋಗುತ್ತೀರಿ, ಕದಲದೆ ದೊಡ್ಡದಾಗುತ್ತಿದ್ದರೆ ಸರಿ.

ಇಳಿದ ಜಾಗದಿಂದ ಏಳಲಾಗುತ್ತದೆಯೇ ಎಂಬುದನ್ನೂ ಇಳಿಯುವ ಮೊದಲೇ ಯೋಚಿಸಿ. ಏಳುವಾಗ ಹಳೆಯ ನಿಯಮವೊಂದಿದೆ: ಇರುವ ಉದ್ದದ ಅರ್ಧಕ್ಕೆ ಬರುವಾಗ ಏಳುವ ವೇಗದ ಶೇಕಡ 70 ಆಗಿರಬೇಕು. 40 ನಾಟ್‌ಗೆ ಏಳುವ ವಿಮಾನವಾದರೆ ಅರ್ಧದಲ್ಲಿ 28. ಆಗಿಲ್ಲವೇ, ಥ್ರಾಟಲ್ ಮುಚ್ಚಿ. ಮರಳಿನಲ್ಲಿ ಮೊದಲಿನಿಂದಲೂ ಸ್ಟಿಕ್ ಹಿಂದೆ ಹಿಡಿದು ಚಕ್ರದ ಭಾರ ಕಡಿಮೆ ಮಾಡಿ. ನೆಲ ಬಿಟ್ಟ ಕೂಡಲೇ ಮೇಲೇರಲು ಹೋಗಬೇಡಿ. ರೆಕ್ಕೆಗಳ ತುದಿಯಿಂದ ತುದಿಗಿರುವ ಉದ್ದಕ್ಕಿಂತ ತಗ್ಗಿನಲ್ಲಿ ನೆಲವೇ ವಿಮಾನವನ್ನು ಹೊರುತ್ತದೆ, ಅಲ್ಲೇ ವೇಗ ಗಳಿಸಿಕೊಂಡು ಆಮೇಲೆ ಏರಿ.

ಸಿಮ್ಯುಲೇಟರ್‌ನ ಮಿತಿಯೊಂದನ್ನು ಹೇಳಲೇಬೇಕು. ನೀವು ನೋಡುವ ಮರಳು ಬಹುಪಾಲು ಉಪಗ್ರಹದ ಚಿತ್ರ. ಚಿತ್ರದಲ್ಲಿರುವ ಬಂಡೆಗೆ ಚಕ್ರ ತಾಗದಿರಬಹುದು, ಸಪಾಟಾಗಿ ಕಂಡದ್ದು ಗುಂಡಿ ಇರಬಹುದು. ಆದ್ದರಿಂದ ಮೆತ್ತನೆ ಮರಳಿನಲ್ಲಿ ಚಕ್ರ ಹೂತು ಮೂತಿ ನಾಟುವ ಅಪಾಯವನ್ನು ಇಲ್ಲಿ ಕಲಿತೆವು ಎಂದುಕೊಳ್ಳಬೇಡಿ.

ಪ್ರಶ್ನೆ: ಲುಕ್ಲಾದಲ್ಲಿ ಇಳಿಯುವುದೇ ನನ್ನ ಗುರಿ. ಈಗಲೇ ಹೋಗಬಹುದೇ?

ಉತ್ತರ: ಗುರಿಯಾಗಿ ಒಳ್ಳೆಯದು, ಪಾಠಶಾಲೆಯಾಗಿ ಅಲ್ಲ. ನೇಪಾಳದ ಲುಕ್ಲಾ ರನ್‌ವೇ 2845 ಮೀಟರ್ ಎತ್ತರದಲ್ಲಿದೆ, ಉದ್ದ 527 ಮೀಟರ್, ಇಳಿಜಾರು ಶೇಕಡ 11.7. ಇಳಿಯುವುದು ಏರುಮುಖವಾಗಿ, ಏಳುವುದು ಇಳಿಮುಖವಾಗಿ. ತುದಿಯಲ್ಲಿ ಬೆಟ್ಟವಿರುವುದರಿಂದ ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿ ಮೇಲೇರುವ ಅವಕಾಶವಿಲ್ಲ.

ಏರು ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ. ನೀವು ಇರುವುದಕ್ಕಿಂತ ಎತ್ತರದಲ್ಲಿದ್ದೀರಿ ಎನ್ನಿಸಿ, ಇಳಿಸುತ್ತ ಇಳಿಸುತ್ತ ರನ್‌ವೇಯ ಮೊದಲಂಚಿನ ಗೋಡೆಗೆ ಹೊಡೆಯುವವರೇ ಹೆಚ್ಚು. ಇನ್ನೊಂದು ತೊಡಕು ಮೂತಿ ಎತ್ತುವುದರಲ್ಲಿ. 3 ಡಿಗ್ರಿಯಲ್ಲಿ ಇಳಿಯುತ್ತಿದ್ದವರು 6–7 ಡಿಗ್ರಿ ಏರುವ ನೆಲಕ್ಕೆ ಹೊಂದಿಕೊಳ್ಳಬೇಕು, ಅಂದರೆ ದಾರಿ ಒಟ್ಟು 10 ಡಿಗ್ರಿಯಷ್ಟು ಬದಲಾಗಬೇಕು. ಥ್ರಾಟಲ್ ಮುಚ್ಚಿಕೊಂಡು ಇಷ್ಟು ಎತ್ತಿದರೆ ವೇಗ ಕುಸಿದು ವಿಮಾನ ಧೊಪ್ಪನೆ ಕೂರುತ್ತದೆ. ನೆಲ ಮುಟ್ಟುವ ತನಕ ಸ್ವಲ್ಪ ಶಕ್ತಿ ಉಳಿಸಿಕೊಂಡಿರಿ.

ಮೊದಲು ಸಪಾಟಾದ ಒಂದು ಕಿಲೋಮೀಟರ್ ಹುಲ್ಲಿನಲ್ಲಿ ಗುರುತಿಟ್ಟ ಜಾಗಕ್ಕೆ ಹತ್ತರಲ್ಲಿ ಎಂಟು ಸಲ ಇಳಿಯುವಷ್ಟಾಗಿ. ಆಮೇಲೆ ಅಮೆರಿಕದ ಐಡಹೊದ ಜಾನ್ಸನ್ ಕ್ರೀಕ್‌ಗೆ ಹೋಗಿ. ಕಣಿವೆಯೊಳಗಿನ 3400 ಅಡಿ ಉದ್ದದ ಹುಲ್ಲು ರನ್‌ವೇ ಅದು, ಸುತ್ತ ಗುಡ್ಡಗಳಿದ್ದರೂ ತಪ್ಪಿಗೆ ಜಾಗ ಕೊಡುತ್ತದೆ. ಅದಾದ ಮೇಲೆ ಫ್ರಾನ್ಸಿನ ಕೂರ್ಶವೆಲ್. 537 ಮೀಟರ್, ಇಳಿಜಾರು ಶೇಕಡ 18.6ರವರೆಗೆ. ಓರೆ ಲುಕ್ಲಾಗಿಂತ ಕಡಿದು, ಎತ್ತರ ಮಾತ್ರ ಕಡಿಮೆ. ಅಲ್ಲಿ ಸಲೀಸಾದವರಿಗೆ ಲುಕ್ಲಾದಲ್ಲಿ ಉಳಿಯುವುದು ತೆಳುಗಾಳಿಯ ಲೆಕ್ಕ ಒಂದೇ.

ಪ್ರಶ್ನೆ: ಮನೆಯ ಸಿಮ್ಯುಲೇಟರ್‌ನಲ್ಲಿ ಹಾರಿಸಿದ ಗಂಟೆಗಳು ಪೈಲಟ್ ಲೈಸೆನ್ಸ್‌ಗೆ ಲೆಕ್ಕಕ್ಕೆ ಬರುತ್ತವೆಯೇ?

ಉತ್ತರ: ಇಲ್ಲ. ವಿಮಾನಯಾನ ಪ್ರಾಧಿಕಾರ ಒಪ್ಪಿದ ಉಪಕರಣದಲ್ಲಿ, ನಿಯಮದಂತೆ ನಡೆದ ತರಬೇತಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕಲಿತ ಕ್ರಮಗಳು, ವೇಗದ ಲೆಕ್ಕಗಳು ಉಪಯೋಗಕ್ಕೆ ಬರುತ್ತವೆ. ಮೀಟರ್‌ಗಳನ್ನೇ ದಿಟ್ಟಿಸುವ ಚಟವೂ ಜೊತೆಗೇ ಬರುತ್ತದೆ, ಅದನ್ನು ಬಿಡಿಸಲು ಶಿಕ್ಷಕರು ಹೆಣಗಬೇಕಾಗುತ್ತದೆ. ಆಗಾಗ ಮೀಟರ್‌ಗಳಿಗೆ ಕಾಗದ ಅಂಟಿಸಿ ಒಂದು ಸುತ್ತು ಹಾರಿಸಿ ನೋಡಿ.

ಪ್ರಶ್ನೆ: ಇಳಿಯಲು ಥ್ರಾಟಲ್ ಮುಚ್ಚಿದ ಸ್ವಲ್ಪ ಹೊತ್ತಿಗೆ ಸೂಪರ್ ಕಬ್‌ನ ಎಂಜಿನ್ ನಿಂತುಹೋಗುತ್ತದೆ. ಇಂಧನ ಇದೆ.

ಉತ್ತರ: ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟಿರಬೇಕು. ಹೊರಗೆ 20 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇದು ಆಗುತ್ತದೆ. ಕಾರ್ಬುರೇಟರ್ ಒಳಗೆ ಇಂಧನ ಆವಿಯಾಗುವಾಗ ಉಷ್ಣತೆ ತೀರಾ ಕುಸಿಯುತ್ತದೆ. ಥ್ರಾಟಲ್ ಮುಚ್ಚುವ ಮೊದಲು ಕಾರ್ಬ್ ಹೀಟ್ ಗುಬುಟನ್ನು (ಕಾರ್ಬುರೇಟರ್‌ಗೆ ಬಿಸಿಗಾಳಿ ಬಿಡುವಂಥದ್ದು) ಪೂರ್ತಿ ಎಳೆಯಿರಿ. ಗಡ್ಡೆ ಕಟ್ಟಿದ್ದರೆ ಆರ್‌ಪಿಎಂ ಮೊದಲು ಇಳಿಯುತ್ತದೆ, ಎಂಜಿನ್ ಕೆಮ್ಮುತ್ತದೆ, ಆಮೇಲೆ ಏರುತ್ತದೆ. ಕೆಮ್ಮಿದ್ದಕ್ಕೆ ಹೆದರಿ ಆ ಗುಬುಟನ್ನು ಮತ್ತೆ ಒಳಗೆ ತಳ್ಳಿದರೆ ಎಂಜಿನ್ ನಿಂತೇಬಿಡುತ್ತದೆ. ಇದೂ ಅಲ್ಲದಿದ್ದರೆ ಇಂಧನದ ಕೀಲು ನೋಡಿ. ಎರಡು ರೆಕ್ಕೆಯಲ್ಲಿ ಎರಡು ಟ್ಯಾಂಕ್ ಇವೆ, ಒಂದು ಖಾಲಿಯಾದರೂ ಇನ್ನೊಂದು ತುಂಬಿಯೇ ಇರಬಹುದು.